ಇದು ಹೃದಯದ್ದೋ, ಯಂತ್ರದ್ದೋ?

ಎದೆಗೆ ಎಲೆಕ್ಟ್ರೋಡ್ ಅಂಟಿಸಿದಾಗ ಹೃದಯದಿಂದ ನಮ್ಮ ಕೈಗೆ ಸಿಗುವುದು ಹೆಚ್ಚುಕಡಿಮೆ 1 ಮಿಲಿವೋಲ್ಟ್. ಇಸಿಜಿ ಕಾಗದದ ಮೇಲೆ ಅದು 10 ಮಿಲಿಮೀಟರ್ ಎತ್ತರಕ್ಕೆ ಏಳುತ್ತದೆ. ಅದೇ ಕೋಣೆಯ ಗೋಡೆಯಲ್ಲಿ 230 ವೋಲ್ಟಿನ ತಂತಿ ಹಾದುಹೋಗಿರುತ್ತದೆ, ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ರೋಗಿಯ ಮೈ ಇವಕ್ಕೆಲ್ಲ ಆಂಟೆನಾ ಆಗಿಬಿಟ್ಟಿರುತ್ತದೆ. ಚರ್ಮಕ್ಕೂ ಎಲೆಕ್ಟ್ರೋಡಿನ ಲೋಹಕ್ಕೂ ನಡುವೆ ನಡೆಯುವ ರಾಸಾಯನಿಕ ಕ್ರಿಯೆಯೊಂದೇ ಹೃದಯದ ಸಿಗ್ನಲ್ಲನ್ನು ಮುಳುಗಿಸುವಷ್ಟು ವೋಲ್ಟೇಜ್ ಹುಟ್ಟಿಸಬಲ್ಲದು. ಇಸಿಜಿ ಯಂತ್ರ 300 ಮಿಲಿವೋಲ್ಟ್‌ವರೆಗಿನ ಇಂಥ ಏರುಪೇರನ್ನು ತಾಳಿಕೊಂಡು ಕೆಲಸ ಮಾಡಬೇಕೆಂದು ನಿಯಮ ಇರುವುದು ಅದಕ್ಕೇ. ತೇರಿನ ಗದ್ದಲದ ನಡುವೆ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಬೇಕಾದಂಥ ಕೆಲಸ ಇದು.

ಎರಡು ದಶಕಕ್ಕೂ ಮೀರಿ ಇದೇ ಕೆಲಸದಲ್ಲಿದ್ದೇನೆ. ಊರು ಬದಲಾಯಿತು, ದೇಶ ಬದಲಾಯಿತು, ಉಪಕರಣಗಳಂತೂ ಗುರುತು ಸಿಗದಷ್ಟು ಬದಲಾದವು. ಆದರೆ ನಾನು ಮಾಡಿದ ಪ್ರತಿ ಪ್ರಯೋಗದ ಹಿಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಕಣ್ಣೆದುರಿನ ಈ ಗೆರೆ ಹೃದಯ ಬರೆದದ್ದೋ, ನಮ್ಮ ಯಂತ್ರ ಬರೆದದ್ದೋ?

ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಓದುತ್ತಿದ್ದಾಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಸಿಜಿ ಆಂಪ್ಲಿಫೈಯರ್ ಕಟ್ಟಲು ಹೊರಟೆವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಎಡಿ620 ಚಿಪ್ಪು, ರೆಸಿಸ್ಟರು, ಕೆಪಾಸಿಟರು, ಬ್ರೆಡ್‌ಬೋರ್ಡು ತಂದೆವು. ಎರಡು 9 ವೋಲ್ಟ್ ಬ್ಯಾಟರಿಯ ಮೇಲೆ ಸರ್ಕ್ಯೂಟ್ ನಡೆಯಬೇಕು, ಗೋಡೆಯ ಪ್ಲಗ್ಗಿನ ಹತ್ತಿರ ಸುಳಿಯಬಾರದು ಎಂಬುದು ನಮ್ಮ ಮೇಷ್ಟ್ರ ಮೊದಲ ಕಟ್ಟಪ್ಪಣೆ. ಹೃದಯಕ್ಕೆ ನೇರವಾಗಿ ತಾಗುವ ಉಪಕರಣದಿಂದ ಮಾಮೂಲಿ ಸ್ಥಿತಿಯಲ್ಲಿ ಸೋರುವ ಕರೆಂಟು 10 ಮೈಕ್ರೋಆಂಪಿಯರ್ ದಾಟಬಾರದು ಎಂದು ಅವರು ಹೇಳಿದಾಗ ಆ ಅಂಕಿ ಎಷ್ಟು ಚಿಕ್ಕದು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆಸಿಲೋಸ್ಕೋಪಿನ ಪರದೆಯ ಮೇಲೆ ಮೊದಲು ಕಂಡದ್ದು ದಪ್ಪನೆಯ ಪಟ್ಟಿ. ಅದು 50 ಹರ್ಟ್ಸ್, ಅಂದರೆ ಕೆಇಬಿ ಕರೆಂಟು. ಗೆಳೆಯರು ಆ 50 ಹರ್ಟ್ಸನ್ನೇ ಕತ್ತರಿಸುವ ನಾಚ್ ಫಿಲ್ಟರ್ ಹಾಕೋಣ ಎಂದರು. ಮೇಷ್ಟ್ರು ಒಪ್ಪಲಿಲ್ಲ. ಹೃದಯದ ಕೆಳಗೋಣೆಗಳು ಚುರುಕಾಗುವಾಗ ಏಳುವ ಚೂಪಾದ ಕ್ಯೂಆರ್‌ಎಸ್ ಅಲೆಯಲ್ಲಿಯೂ 50 ಹರ್ಟ್ಸಿನ ಆಸುಪಾಸಿನ ಅಂಶ ಇರುತ್ತದೆ; ಕತ್ತರಿ ಹಾಕಿದರೆ ಅದೂ ಹೋಗುತ್ತದೆ, ಜೊತೆಗೆ ಇಲ್ಲದ ಸಣ್ಣ ನಡುಕ ಅಲೆಯ ಬಾಲಕ್ಕೆ ಸೇರಿಕೊಳ್ಳುತ್ತದೆ. ಅವರು ತೋರಿಸಿದ್ದು ಬೇರೆ ದಾರಿ. ಎರಡೂ ಕೈಗಳಿಗೆ ಸಮವಾಗಿ ಬರುತ್ತಿರುವ ಗದ್ದಲವನ್ನು ತೆಗೆದುಕೊಂಡು, ತಲೆಕೆಳಗು ಮಾಡಿ, ಬಲಗಾಲಿನ ಎಲೆಕ್ಟ್ರೋಡಿನ ಮೂಲಕ ಮೈಗೇ ಹಿಂದಿರುಗಿಸುವುದು. ಗದ್ದಲ ಮೈಯಲ್ಲೇ ಅಡಗುತ್ತದೆ, ಸಿಗ್ನಲ್ಲಿಗೆ ಏನೂ ಆಗುವುದಿಲ್ಲ. ಅದನ್ನು ಜೋಡಿಸಿದ ಸಂಜೆ ಆ ದಪ್ಪ ಪಟ್ಟಿ ಸಣಕಲಾಗುತ್ತ ಬಂದು, ಒಳಗಿನಿಂದ ಪಿ, ಕ್ಯೂಆರ್‌ಎಸ್, ಟಿ ಎಂಬ ಬಡಿತದ ಅಲೆಗಳು ಒಂದೊಂದಾಗಿ ಮೇಲೆದ್ದವು. ನನ್ನದೇ ಹೃದಯ. ನಾವು ಕುಣಿದಾಡುತ್ತಿದ್ದರೆ ಮೇಷ್ಟ್ರು, "ಆ ಗೆರೆಯಲ್ಲಿ ಹೃದಯ ಎಷ್ಟಿದೆ, ಸ್ನಾಯು ಎಷ್ಟಿದೆ, ಕರೆಂಟು ಎಷ್ಟಿದೆ ಅಂತ ಬಿಡಿಸಿ ಹೇಳು. ಆಮೇಲೆ ಪ್ರಾಜೆಕ್ಟ್ ಮುಗೀತು ಅಂತ ಬರಿ," ಎಂದರು.

ಈ ಲೆಕ್ಕಾಚಾರ ನೂರು ವರ್ಷಕ್ಕೂ ಹಳೆಯದು ಎಂಬುದು ಆಮೇಲೆ ಓದಿ ತಿಳಿಯಿತು. 1887ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನು ಮೊದಲ ಬಾರಿಗೆ ಮೈಮೇಲಿನಿಂದ ದಾಖಲಿಸಿದಾಗ ಬಳಸಿದ್ದು ಪಾದರಸದ ಸಣ್ಣ ಕೊಳವೆಯ ಎಲೆಕ್ಟ್ರೋಮೀಟರ್. ಪಾದರಸ ಭಾರವಾದದ್ದು, ಹೃದಯದ ವೇಗಕ್ಕೆ ಅದು ಏಗುವುದಿಲ್ಲ. ಹಾಗಾಗಿ ಸಿಕ್ಕ ಗೆರೆ ಮೊಂಡಾಗಿತ್ತು. ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿದ್ದ ವಿಲ್ಲೆಮ್ ಐಂಥೋವನ್ ಪಾದರಸ ಎಷ್ಟು ತಡಮಾಡುತ್ತದೆ ಎಂಬುದನ್ನು ಅಳೆದು, ಆ ತಡವನ್ನು ಗಣಿತದಿಂದ ಕಳೆದು, ನಿಜವಾದ ಅಲೆ ಹೀಗಿರಬೇಕು ಎಂದು 1895ರಲ್ಲಿ ಬರೆದು ತೋರಿಸಿದರು. ನಾವು ಇವತ್ತಿಗೂ ಹೇಳುವ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರು ಬಂದದ್ದು ಆ ತಿದ್ದಿದ ಗೆರೆಗೆ. ಆಮೇಲೆ ಅವರು ಹೊಸ ಯಂತ್ರವನ್ನೇ ಕಟ್ಟಿದರು. ಬಲವಾದ ಅಯಸ್ಕಾಂತದ ನಡುವೆ ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್ ಎಳೆಯೊಂದು ಕಂಪಿಸುವ ಸ್ಟ್ರಿಂಗ್ ಗ್ಯಾಲ್ವನೋಮೀಟರ್ ಅದು. ಸುಮಾರು 270 ಕಿಲೋ ತೂಕದ ಆ ಯಂತ್ರ ಬರೆದ ಗೆರೆ, ಅವರು ಮೊದಲೇ ಲೆಕ್ಕ ಹಾಕಿ ಬರೆದಿದ್ದ ಗೆರೆಗೆ ಹೊಂದಿಕೆಯಾಯಿತು. 1924ರ ನೊಬೆಲ್ ಬಂದದ್ದು ಇದಕ್ಕೆ. ಯಂತ್ರದ ಗುಣವನ್ನು ಮೊದಲು ಅರಿತು, ಅದನ್ನು ಕಳೆದು, ಉಳಿದದ್ದನ್ನು ಹೃದಯದ್ದು ಎನ್ನುವ ಧೈರ್ಯ ಐಂಥೋವನ್‌ಗಿತ್ತು. ನನಗೆ ಇವರಿಗಿಂತ ದೊಡ್ಡ ಎಂಜಿನಿಯರ್ ಈ ಕ್ಷೇತ್ರದಲ್ಲಿ ಕಾಣುವುದಿಲ್ಲ, ಓದಿದ್ದು ವೈದ್ಯಕೀಯವೇ ಆದರೂ.

ಪ್ರಾಜೆಕ್ಟಿನ ದಿನಗಳಲ್ಲೇ ಮೈಸೂರಿನ ಆಸ್ಪತ್ರೆಯೊಂದರ ಇಸಿಜಿ ಕೋಣೆಯಲ್ಲಿ ಕೂರಲು ಅವಕಾಶ ಸಿಕ್ಕಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಟೆಕ್ನಿಷಿಯನ್ ಅಕ್ಕನಿಂದ ಕಲಿತದ್ದು ಯಾವ ಪಠ್ಯದಲ್ಲೂ ಇರಲಿಲ್ಲ. ಗೆರೆ ಅಲುಗಿದರೆ ನಾನು ಯಂತ್ರದ ತಂತಿ ಹುಡುಕುತ್ತಿದ್ದೆ. ಅವರು, "ಮೊದಲು ಚರ್ಮ ಒರೆಸಪ್ಪ, ಆಮೇಲೆ ಮಿಷಿನ್ನಿಗೆ ಬೈ," ಎನ್ನುತ್ತಿದ್ದರು. ಒಂದು ದಿನ ಕೈನಡುಕವಿದ್ದ ವೃದ್ಧರೊಬ್ಬರು ಬಂದರು. ಕಾಗದದ ಮೇಲೆ ಹೃದಯದ ಮೇಲ್ಗೋಣೆಗಳು ಒಂದೇ ಸಮನೆ ಓಡುತ್ತಿರುವ ಫ್ಲಟರ್ ಹಾಗೆ ಗರಗಸದ ಹಲ್ಲು ಮೂಡಿತು. ಅಕ್ಕ, "ತಾತ, ಎರಡೂ ಕೈ ಸೊಂಟದ ಕೆಳಗಿಟ್ಕೊಳ್ಳಿ, ಉಸಿರು ಬಿಗಿ ಹಿಡೀಬೇಡಿ," ಎಂದು, ಕೈಯ ಎಲೆಕ್ಟ್ರೋಡುಗಳನ್ನು ಭುಜದ ಹತ್ತಿರಕ್ಕೆ ಸರಿಸಿ ಮತ್ತೆ ತೆಗೆದರು. ಗರಗಸ ಮಾಯ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ ಸುಮಾರು 5 ಸಲ ಬಡಿಯುತ್ತದೆ. ಫ್ಲಟರ್ ಅಲೆಯೂ ಹೆಚ್ಚುಕಡಿಮೆ ಅದೇ ವೇಗದ್ದು.

ಇದು ಸಣ್ಣ ವಿಷಯವಲ್ಲ. 1999ರಲ್ಲಿ ಅಮೆರಿಕದ ವೈದ್ಯರ ತಂಡವೊಂದು 12 ರೋಗಿಗಳ ಬಗ್ಗೆ ಬರೆಯಿತು. ಮೈ ಅಲುಗಿದ್ದರಿಂದ ಹುಟ್ಟಿದ ಗೆರೆಯನ್ನು ಕೆಳಗೋಣೆಗಳು ವಿಪರೀತ ವೇಗವಾಗಿ ಬಡಿದು ಜೀವಕ್ಕೆ ಅಪಾಯ ತರುವ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ ಎಂದು ತಿಳಿದು ಅವರಲ್ಲಿ ಹಲವರಿಗೆ ಬೇಡದ ಔಷಧಿ ಕೊಟ್ಟಿದ್ದರು, ಕೆಲವರಿಗೆ ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ಕೊಳವೆ, ಅಂದರೆ ಕ್ಯಾತಿಟರ್ ಹಾಕಿದ್ದರು, ಒಬ್ಬರ ಎದೆಯೊಳಗೆ ಲಯ ಕೆಟ್ಟಾಗ ಶಾಕ್ ಕೊಡುವ ಡಿಫಿಬ್ರಿಲೇಟರನ್ನೇ ಕೂರಿಸಿದ್ದರು. ಆ ವರದಿಯನ್ನು ನನ್ನ ಹತ್ತಿರ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಮೊದಲ ವಾರವೇ ಓದಲು ಕೊಡುತ್ತೇನೆ.

ಐಐಟಿ ಬಾಂಬೆಯಲ್ಲಿ ಬಯೋಮೆಡಿಕಲ್ ಎಂಟೆಕ್, ಒಂದಷ್ಟು ಕಾಲ ಕಂಪನಿ ಕೆಲಸ. ಆಮೇಲೆ ಪಿಎಚ್‌ಡಿಗೆಂದು ಅಮೆರಿಕಕ್ಕೆ ಹೋದೆ. ನನಗೆ ಅನ್ನಿಸಿದ್ದು ಇಷ್ಟು: ಇಸಿಜಿಯಲ್ಲಿ ಕಾಲ ಗೊತ್ತಾಗುತ್ತದೆ, ಜಾಗ ಗೊತ್ತಾಗುವುದಿಲ್ಲ. ಬಡಿತ ಶುರುವಾಗುವ ಜಾಗವಾದ ಸೈನಸ್ ನೋಡ್‌ನಲ್ಲಿ ಹುಟ್ಟಿದ ವಿದ್ಯುತ್ ಅಲೆ ಮೇಲ್ಗೋಣೆಗಳನ್ನು ದಾಟಿ, ಅವಕ್ಕೂ ಕೆಳಗೋಣೆಗಳಿಗೂ ನಡುವಿನ ಎವಿ ನೋಡ್‌ನಲ್ಲಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಷ್ಟು ನಿಧಾನವಾಗಿ ತೆವಳಿ, ಆಮೇಲೆ ಪರ್ಕಿಂಜೆ ತಂತುಗಳಲ್ಲಿ ಸೆಕೆಂಡಿಗೆ 2ರಿಂದ 4 ಮೀಟರಿನಂತೆ ಓಡಿ, ಕೆಳಗೋಣೆಗಳ ಗೋಡೆಯಲ್ಲಿ ಹರಡುತ್ತದೆ. ಆ ಪ್ರಯಾಣವನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಅದಕ್ಕಿದ್ದ ದಾರಿ ಆಪ್ಟಿಕಲ್ ಮ್ಯಾಪಿಂಗ್, ಅಂದರೆ ಹೊರತೆಗೆದ ಹೃದಯಕ್ಕೆ ಬಣ್ಣ ಹಾಕಿ ಅಲೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು.

ಪ್ರಯೋಗದ ದಿನ ಬೆಳಗ್ಗೆ ಬೇಗ ಶುರುವಾಗುತ್ತದೆ. ಮೊದಲು, ಹೊರತೆಗೆದ ಹೃದಯವನ್ನು ಬದುಕಿಸಿಡುವ ಟೈರೋಡ್ ದ್ರಾವಣ: ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗ್ಲೂಕೋಸು ತೂಗಿ ಬೆರೆಸಿ, 37 ಡಿಗ್ರಿಗೆ ಕಾಯಿಸಿ, ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹಾಯಿಸಿ, ಪಿಎಚ್ 7.4ಕ್ಕೆ ತರಬೇಕು. ಕ್ಯಾಲ್ಸಿಯಂ ತೂಗುವಾಗೆಲ್ಲ ನನಗೆ ಸಿಡ್ನಿ ರಿಂಗರ್ ನೆನಪಾಗುತ್ತಿದ್ದರು. 1880ರ ದಶಕದಲ್ಲಿ ಲಂಡನ್ನಿನಲ್ಲಿ ಕಪ್ಪೆಯ ಹೃದಯ ಅವರ ದ್ರಾವಣದಲ್ಲಿ ಗಂಟೆಗಟ್ಟಲೆ ಬಡಿಯುತ್ತಿತ್ತು. ಶುದ್ಧೀಕರಿಸಿದ ನೀರಿನಲ್ಲಿ ದ್ರಾವಣ ಮಾಡಿದಾಗ ನಿಂತುಹೋಯಿತು. ಮೊದಲಿನ ದ್ರಾವಣಕ್ಕೆ ಬಳಸಿದ್ದು ನಲ್ಲಿ ನೀರು, ಅದರಲ್ಲಿ ಕ್ಯಾಲ್ಸಿಯಂ ಇತ್ತು. ಹೃದಯ ಕುಗ್ಗಲು ಕ್ಯಾಲ್ಸಿಯಂ ಬೇಕೆಂಬುದು ಜಗತ್ತಿಗೆ ತಿಳಿದದ್ದು ಹಾಗೆ.

ಅರಿವಳಿಕೆ ಕೊಟ್ಟ ಮೊಲದ ಹೃದಯವನ್ನು ತೆಗೆದ ಕ್ಷಣದಿಂದ ಪ್ರತಿ ಸೆಕೆಂಡೂ ಮುಖ್ಯ. ಮಹಾಪಧಮನಿಗೆ ಸಣ್ಣ ಕೊಳವೆ ತೂರಿಸಿ ದಾರದಿಂದ ಕಟ್ಟಿ ದ್ರಾವಣ ಹಾಯಿಸಬೇಕು. ಲ್ಯಾಂಗೆನ್‌ಡಾರ್ಫ್ 1895ರಲ್ಲಿ ಕಂಡುಕೊಂಡ ವಿಧಾನವೇ ಇಂದಿಗೂ ನಡೆಯುತ್ತಿದೆ: ಕವಾಟ ಮುಚ್ಚಿಕೊಳ್ಳುತ್ತದೆ, ದ್ರಾವಣ ಹೃದಯದ ಸ್ವಂತ ರಕ್ತನಾಳಗಳಿಗೆ ನುಗ್ಗುತ್ತದೆ. ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅದು ನಾಳದಲ್ಲಿ ಸಿಕ್ಕಿಕೊಂಡು ಆ ಭಾಗ ಸತ್ತುಹೋಗುತ್ತದೆ. ಪೆಟ್ರಿ ಡಿಷ್‌ನಲ್ಲಿ ಬೆಳ್ಳಗೆ ನಿಶ್ಚಲವಾಗಿದ್ದ ಹೃದಯ, ಬೆಚ್ಚಗಿನ ದ್ರಾವಣ ಹರಿದೊಡನೆ ಒಮ್ಮೆ ಅದುರಿ, ಮತ್ತೊಮ್ಮೆ ಅದುರಿ, ಆಮೇಲೆ ತನ್ನಷ್ಟಕ್ಕೆ ತಾನು ಬಡಿಯತೊಡಗುತ್ತದೆ. ಮೈಯಿಲ್ಲ, ನರವಿಲ್ಲ, ಮೆದುಳಿಲ್ಲ. ಎಷ್ಟು ಸಲ ನೋಡಿದರೂ ಅದು ನನಗೆ ಹಳತಾಗಲಿಲ್ಲ. ಒಂದು ಪ್ರಾಣಿ ಜೀವ ಕೊಟ್ಟಿದೆ ಎಂಬುದನ್ನು ನಮ್ಮ ಲ್ಯಾಬಿನಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಹೃದಯ ಸುಸ್ಥಿತಿಯಲ್ಲಿರುವ ಕೊನೆಯ ನಿಮಿಷದವರೆಗೂ ಯಾರೂ ಊಟಕ್ಕೆ ಏಳುತ್ತಿರಲಿಲ್ಲ.

ಆಮೇಲೆ ಬಣ್ಣ. ಡೈ-4-ಅನೆಪ್ಸ್ ಎಂಬ ಈ ಬಣ್ಣದ ಅಣುಗಳು ಜೀವಕೋಶದ ಪೊರೆಯಲ್ಲಿ ನಾಟಿಕೊಳ್ಳುತ್ತವೆ. ಪೊರೆಯ ಒಳಗಡೆ ವಿಶ್ರಾಂತಿಯಲ್ಲಿ ಸುಮಾರು ಮೈನಸ್ 90 ಮಿಲಿವೋಲ್ಟ್ ಇರುತ್ತದೆ. ಅಲೆ ಬಂದಾಗ ಅದು ಸೊನ್ನೆ ದಾಟಿ ಮೇಲೇರುತ್ತದೆ. ವೋಲ್ಟೇಜ್ ಬದಲಾದಂತೆ ಬಣ್ಣ ಹೊಮ್ಮಿಸುವ ಬೆಳಕೂ ಬದಲಾಗುತ್ತದೆ. ಕೋಣೆಯ ದೀಪ ಆರಿಸಿ, ಹೃದಯದ ಮೇಲೆ ಹಸಿರು ಬೆಳಕು ಬಿಟ್ಟು, ಅದು ಮರಳಿ ಹೊಮ್ಮಿಸುವ ಕೆಂಪು ಬೆಳಕನ್ನು ಸೆಕೆಂಡಿಗೆ 1000 ಚಿತ್ರದಂತೆ ಕ್ಯಾಮೆರಾ ಹಿಡಿಯುತ್ತದೆ. ಬೆಳಕಿನಲ್ಲಾಗುವ ಬದಲಾವಣೆ ಶೇ 10ಕ್ಕೂ ಕಡಿಮೆ.

ಇಲ್ಲೂ ಅದೇ ಹಳೆಯ ಪ್ರಶ್ನೆ ಎದುರಾಯಿತು. ಹೃದಯ ಬಡಿಯುತ್ತದೆ, ಬಡಿದಾಗ ಅಲುಗುತ್ತದೆ, ಅಲುಗಿದಾಗ ಕ್ಯಾಮೆರಾದ ಒಂದು ಚುಕ್ಕಿಯ ಎದುರು ಇದ್ದ ಜಾಗ ಸರಿದು ಬೇರೆ ಜಾಗ ಬರುತ್ತದೆ. ಬೆಳಕು ಬದಲಾದದ್ದು ವೋಲ್ಟೇಜಿನಿಂದಲೋ ಅಲುಗಾಟದಿಂದಲೋ? ಅಲೆಯ ಏರುವ ಅಂಚು ಹೇಗೋ ಉಳಿಯುತ್ತದೆ, ಏಕೆಂದರೆ ಸ್ನಾಯು ಕುಗ್ಗುವುದು ಅದಾದ ಮೇಲೆ. ಇಳಿಯುವ ಭಾಗ ಪೂರಾ ಕೆಡುತ್ತದೆ, ಅಪಾಯಕಾರಿ ಲಯದೋಷಗಳ ಗುಟ್ಟು ಎಷ್ಟೋ ಸಲ ಇರುವುದು ಆ ಇಳಿಜಾರಿನಲ್ಲೇ. ಹೃದಯವನ್ನು ಗಾಜಿಗೆ ಒತ್ತಿ ಹಿಡಿದು ನೋಡುತ್ತಿದ್ದರು. ಬಿಡಿಎಂ ಎಂಬ ರಾಸಾಯನಿಕ ಹಾಕಿ ಕುಗ್ಗುವಿಕೆ ನಿಲ್ಲಿಸುತ್ತಿದ್ದರು. ಅಲುಗಾಟ ನಿಲ್ಲುತ್ತಿತ್ತು, ಆದರೆ ಆ ರಾಸಾಯನಿಕ ವಿದ್ಯುತ್ ಅಲೆಯ ಆಕಾರವನ್ನೇ ಬದಲಿಸುತ್ತಿತ್ತು. ನಾನು ಪಿಎಚ್‌ಡಿ ನಡುವಿನಲ್ಲಿದ್ದಾಗ ಬ್ಲೆಬಿಸ್ಟಾಟಿನ್ ಬಳಕೆಗೆ ಬಂತು. 2007ರಲ್ಲಿ ಪ್ರಕಟವಾದ ಕೆಲಸ, ಅದು ಕುಗ್ಗುವ ಪ್ರೋಟೀನನ್ನು ಮಾತ್ರ ತಡೆದು ವಿದ್ಯುತ್ತನ್ನು ಬಹುಮಟ್ಟಿಗೆ ಹಾಗೇ ಬಿಡುತ್ತದೆ ಎಂದು ತೋರಿಸಿತು. ಹಾಗೆಂದು ನಾವು ಕಣ್ಣುಮುಚ್ಚಿ ನಂಬಲಿಲ್ಲ. ಔಷಧಿ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ, ಗಾಜಿನ ಸೂಕ್ಷ್ಮ ಎಲೆಕ್ಟ್ರೋಡಿನಿಂದ ಒಂದೇ ಜಾಗದ ವೋಲ್ಟೇಜ್ ಅಳೆದು, ಬೆಳಕಿನ ಗೆರೆಯ ಮೇಲೆ ಇಟ್ಟು ಹೋಲಿಸಿದೆವು. ಒಳಗಿನ ಎಲೆಕ್ಟ್ರೋಡಿನಲ್ಲಿ ಕ್ಷಣಮಾತ್ರದಲ್ಲಿ ಏರುವ ಅಲೆ, ಬೆಳಕಿನಲ್ಲಿ ನಿಧಾನವಾಗಿ ಏರಿದಂತೆ ಕಾಣುತ್ತಿತ್ತು. ಬೆಳಕು ಮೇಲ್ಮೈಯಿಂದಷ್ಟೇ ಬರದೆ ಕೆಳಗಿನ ಪದರಗಳಿಂದಲೂ ಚದುರಿ ಬರುವುದರಿಂದ, ಹಲವು ಕೋಶಗಳ ಸರಾಸರಿ ನಮಗೆ ಕಾಣುತ್ತದೆ. ಇಷ್ಟು ಗೊತ್ತಾದ ಮೇಲೆಯೇ ನಮ್ಮ ಚಿತ್ರಗಳಿಗೆ ಬೆಲೆ ಬಂದದ್ದು.

ಮತ್ತೆ ಆ ಚಿತ್ರಗಳು! ಹೃದಯದ ಗೋಡೆಯ ಒಂದು ಬಿಂದುವಿಗೆ ಸಣ್ಣ ಪ್ರಚೋದನೆ ಕೊಟ್ಟರೆ ಅಲೆ ವೃತ್ತವಾಗಿ ಹರಡುವುದಿಲ್ಲ, ಅಂಡಾಕಾರವಾಗಿ ಹರಡುತ್ತದೆ. ಸ್ನಾಯುವಿನ ಎಳೆಗಳ ಉದ್ದಕ್ಕೆ ವೇಗ ಜಾಸ್ತಿ, ಅಡ್ಡಕ್ಕೆ ಕಡಿಮೆ, ಎರಡು ಮೂರು ಪಟ್ಟಿನ ಅಂತರ. ಕೋಶದಿಂದ ಕೋಶಕ್ಕೆ ವಿದ್ಯುತ್ತು ದಾಟಿಸುವ ಬಾಗಿಲುಗಳು ಹೆಚ್ಚಾಗಿ ಕೋಶಗಳ ತುದಿಯಲ್ಲಿರುವುದು ಇದಕ್ಕೆ ಒಂದು ಕಾರಣ. ವೇಗವಾಗಿ ಪ್ರಚೋದಿಸುತ್ತ ಹೋಗಿ ಲಯ ಕೆಡಿಸಿದಾಗ ಅಲೆ ಒಂದು ಕಡೆ ಮುರಿದು, ಮುರಿದ ತುದಿ ಸುರುಳಿಯಾಗಿ ತನ್ನ ಸುತ್ತಲೇ ತಿರುಗತೊಡಗುತ್ತದೆ. ಜಾರ್ಜ್ ಮೈನ್ಸ್ ಎಂಬ ಯುವ ವಿಜ್ಞಾನಿ 1913ರಲ್ಲೇ ಹೃದಯದ ಅಂಗಾಂಶದ ಉಂಗುರದಲ್ಲಿ ಅಲೆ ಸುತ್ತುವುದನ್ನು ತೋರಿಸಿ, ಒಂದು ದಿಕ್ಕಿನಲ್ಲಿ ತಡೆ ಇರಬೇಕು, ವೇಗ ಸಾಕಷ್ಟು ಕಡಿಮೆ ಇರಬೇಕು ಎಂಬ ಷರತ್ತುಗಳನ್ನು ಬರೆದಿಟ್ಟಿದ್ದರು. ಉಂಗುರ ಇಲ್ಲದೆಯೂ ಸುರುಳಿ ತಿರುಗಬಲ್ಲದು ಎಂಬುದನ್ನು 1992ರಲ್ಲಿ ಹೋಸೆ ಹಲೀಫೆ ಅವರ ತಂಡ ಕುರಿಯ ಹೃದಯಸ್ನಾಯುವಿನಲ್ಲಿ ಬೆಳಕಿನಿಂದಲೇ ಹಿಡಿದು ತೋರಿಸಿತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಭೌತವಿಜ್ಞಾನಿ ರಾಹುಲ್ ಪಂಡಿತ್ ಅವರ ತಂಡ ಇದೇ ಸುರುಳಿಗಳನ್ನು ಕಂಪ್ಯೂಟರಿನಲ್ಲಿ ಸಮೀಕರಣಗಳಿಂದ ಹುಟ್ಟಿಸಿ, ಗಾಯದ ಕಲೆಯ ಹತ್ತಿರ ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ಅಭ್ಯಾಸ ಮಾಡಿದೆ. ದೂರದ ಲ್ಯಾಬಿನಲ್ಲಿ ಕೂತು ಆ ಪ್ರಬಂಧ ಓದಿದಾಗ ಆದ ಸಂತೋಷ ಇನ್ನೂ ಇದೆ.

ಬಿಚ್ಚಿಟ್ಟ ಹೃದಯದಲ್ಲಿ ಕಂಡದ್ದನ್ನು ಎದೆಗೂಡು ತೆರೆಯದೆ ಕಾಣುವುದು ಹೇಗೆ? ಪಿಎಚ್‌ಡಿ ಆದಮೇಲೆ ಆ ಕಡೆ ಹೊರಳಿದೆ. ಮೈಮೇಲೆ ಇನ್ನೂರೈವತ್ತರಷ್ಟು ಎಲೆಕ್ಟ್ರೋಡು, ಜೊತೆಗೆ ಸಿಟಿ ಸ್ಕ್ಯಾನಿನಿಂದ ಎದೆಯ ಮತ್ತು ಹೃದಯದ ಆಕಾರ; ಇವೆರಡರಿಂದ ಹೃದಯದ ಮೇಲ್ಮೈಯ ವಿದ್ಯುತ್ತನ್ನು ಹಿಂದಕ್ಕೆ ಲೆಕ್ಕ ಹಾಕುವುದು. ಯೋರಮ್ ರೂಡಿ ಅವರ ತಂಡ 2004ರಲ್ಲಿ ಇದನ್ನು ಮನುಷ್ಯರಲ್ಲಿ ಮಾಡಿ ತೋರಿಸಿತ್ತು. ಕೇಳಲು ಸರಳ. ಆದರೆ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಹೇಳಿದ್ದ ಮಾತಿದೆ: ಹೊರಮೈಯ ವೋಲ್ಟೇಜಿನಿಂದ ಒಳಗಿನ ವಿದ್ಯುತ್ ಮೂಲ ಇಂಥದ್ದೇ ಎಂದು ಒಂದೇ ಉತ್ತರ ಕೊಡಲಾಗದು. ಹೃದಯದ ಮೇಲ್ಮೈಗಷ್ಟೇ ಲೆಕ್ಕವನ್ನು ಸೀಮಿತಗೊಳಿಸಿದರೆ ಒಂದೇ ಉತ್ತರ ಸಿಗುತ್ತದೆ, ಆದರೂ ಮೈಮೇಲಿನ ಅಳತೆಯಲ್ಲಿ ಕೂದಲೆಳೆಯಷ್ಟು ಗದ್ದಲವಿದ್ದರೆ ಆ ಉತ್ತರ ಹುಚ್ಚಾಪಟ್ಟೆ ಎಗರಾಡುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಗಣಿತದ ಕಡಿವಾಣ ಹಾಕಬೇಕು. ಕಡಿವಾಣ ಸಡಿಲವಾದರೆ ಗದ್ದಲ. ಬಿಗಿಯಾದರೆ ಎಲ್ಲವೂ ನುಣ್ಣಗಾಗಿ, ಅಕ್ಕಪಕ್ಕದ ಎರಡು ಅಲೆ ಒಂದೇ ಆಗಿ ಕಾಣುತ್ತದೆ. ಹಾಗಾಗಿ ಪರದೆಯ ಮೇಲೆ ಬಣ್ಣಬಣ್ಣದ ಹೃದಯ ಕಂಡಾಗ ಅದರಲ್ಲಿ ಎಷ್ಟು ರೋಗಿಯದ್ದು, ಎಷ್ಟು ನಮ್ಮ ಆಯ್ಕೆಯದ್ದು ಎಂದು ಕೇಳಿಕೊಳ್ಳಲೇಬೇಕು. ಮನುಷ್ಯನ ಎದೆಯ ಆಕಾರದ ತೊಟ್ಟಿಯಲ್ಲಿ ಉಪ್ಪುದ್ರಾವಣ ತುಂಬಿ, ನಡುವೆ ಬಡಿಯುವ ನಾಯಿಯ ಹೃದಯ ಇಟ್ಟು, ಎರಡೂ ಕಡೆ ಅಳೆದು ತಾಳೆ ನೋಡಿದ ಹಿಂದಿನವರ ಪ್ರಯೋಗಗಳ ದತ್ತಾಂಶವೇ ಈ ವಿಷಯದಲ್ಲಿ ನಮ್ಮ ಕೈ ಹಿಡಿದದ್ದು.

ಮುಂದಿನ ಕೆಲವು ವರ್ಷ ಹೃದಯದ ಲಯದೋಷಗಳಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಇಪಿ ಲ್ಯಾಬುಗಳಲ್ಲಿ, ವೈದ್ಯರ ಪಕ್ಕದಲ್ಲಿ ಸೀಸದ ಏಪ್ರನ್ ತೊಟ್ಟು ಕಳೆದೆ. 1998ರಲ್ಲಿ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ತಂಡ ಮೇಲ್ಗೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ನಿನ ಕಿಡಿ ಬಹುಪಾಲು ಶ್ವಾಸಕೋಶದ ಅಭಿಧಮನಿಗಳಿಂದ ಹೊರಡುತ್ತದೆ ಎಂದು ಕಂಡುಹಿಡಿದ ಮೇಲೆ, ಆ ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟು ಅವನ್ನು ವಿದ್ಯುತ್ತಿನಲ್ಲಿ ಬೇರ್ಪಡಿಸುವುದೇ ಚಿಕಿತ್ಸೆಯ ತಿರುಳಾಯಿತು. ಬೇರ್ಪಟ್ಟಿತೇ ಎಂದು ತಿಳಿಯುವುದು ಹೇಗೆ? ಅಭಿಧಮನಿಯೊಳಗಿನ ಕ್ಯಾತಿಟರ್‌ನಲ್ಲಿ ಸಿಗ್ನಲ್ ಮಾಯವಾಗಬೇಕು. ಎಡಗಡೆಯ ಅಭಿಧಮನಿಯಲ್ಲಿ ಎಷ್ಟೋ ಸಲ ಒಂದು ಸಿಗ್ನಲ್ ಹಟ ಹಿಡಿದು ಉಳಿಯುತ್ತದೆ. ಅದು ಅಭಿಧಮನಿಯದ್ದಾದರೆ ಇನ್ನೂ ಸುಡಬೇಕು. ಪಕ್ಕದಲ್ಲೇ ಇರುವ ಎಡ ಮೇಲ್ಗೋಣೆಯ ಚೀಲದಿಂದ ದೂರದಿಂದಲೇ ಕೇಳಿಬರುತ್ತಿರುವುದಾದರೆ ಸುಡುವುದು ವ್ಯರ್ಥ, ಅಪಾಯ ಬೇರೆ. ಆಗ ಆ ಚೀಲಕ್ಕೇ ಪ್ರಚೋದನೆ ಕೊಟ್ಟು ನೋಡುತ್ತೇವೆ. ಅನುಮಾನದ ಸಿಗ್ನಲ್ ಸರಿದು ಪ್ರಚೋದನೆಗೆ ಅಂಟಿಕೊಂಡರೆ ಅದು ಚೀಲದ್ದು, ಕೈ ಬಿಡಬಹುದು. ಇದಕ್ಕೆ ಬೇಕಾದದ್ದು ಒಂದೆರಡು ನಿಮಿಷ.

ಇದೇ ಕಾಲದಲ್ಲಿ, ಚೂರುಚೂರಾಗಿ ಕಾಣುವ ಸಿಗ್ನಲ್‌ಗಳಿರುವ ಜಾಗಗಳನ್ನೆಲ್ಲ ಸುಟ್ಟರೆ ಫಲಿತಾಂಶ ಸುಧಾರಿಸುತ್ತದೆ ಎಂಬ ಉತ್ಸಾಹ ಎಲ್ಲೆಡೆ ಇತ್ತು. ಅಂಥ ಸಿಗ್ನಲ್ ರೋಗಗ್ರಸ್ತ ಅಂಗಾಂಶದಿಂದ ಬರಬಹುದು. ಎರಡು ಆರೋಗ್ಯವಂತ ಅಲೆ ಒಂದೆಡೆ ಡಿಕ್ಕಿ ಹೊಡೆದಾಗಲೂ ಬರಬಹುದು. ಎಲೆಕ್ಟ್ರೋಡು ದೊಡ್ಡದಾಗಿದ್ದರೆ ಅದರಿಂದಲೂ. 2015ರಲ್ಲಿ 589 ರೋಗಿಗಳ ಸ್ಟಾರ್ ಎಎಫ್-2 ಅಧ್ಯಯನದ ಫಲಿತಾಂಶ ಬಂತು: ಬಿಡದೆ ಕಾಡುವ ಫಿಬ್ರಿಲೇಶನ್ ಇದ್ದವರಲ್ಲಿ ಅಭಿಧಮನಿ ಬೇರ್ಪಡಿಸುವುದರ ಜೊತೆಗೆ ಹೀಗೆ ಹೆಚ್ಚು ಸುಟ್ಟದ್ದರಿಂದ ಲಾಭ ಕಾಣಲಿಲ್ಲ. ಸಿಗ್ನಲ್ಲಿನ ಮೂಲ ಕೇಳದೆ ಆಕಾರ ನೋಡಿ ಸುಟ್ಟದ್ದು ಎಷ್ಟೋ ರೋಗಿಗಳ ಹೃದಯವನ್ನು ಎಂಬ ನೋವು ನನಗೆ ಇವತ್ತಿಗೂ ಇದೆ.

ಈಗ ಬೆಂಗಳೂರಿನಲ್ಲಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ತಕ್ಷಣ ತಲುಪಿ, ಹೃದಯಾಘಾತವಾಗಿದ್ದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವಂಥ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಮ್ಮ ರಾಜ್ಯದಲ್ಲಿ ಬಂದಿರುವುದು ದೊಡ್ಡ ಸಂಗತಿ. ಇಂಥ ವ್ಯವಸ್ಥೆಗಳ ಪ್ರಾಣ ಇರುವುದು ಎಸ್‌ಟಿ ಎಂಬ, ಕ್ಯೂಆರ್‌ಎಸ್ ಮುಗಿದ ಮೇಲೆ ಟಿ ಅಲೆಗೆ ಮುಂಚೆ ಬರುವ ಚಿಕ್ಕ ಭಾಗ ಒಂದೆರಡು ಮಿಲಿಮೀಟರ್ ಮೇಲೆದ್ದಿದೆಯೇ ಎಂಬುದರಲ್ಲಿ. ಗೆರೆ ನೇರವಾಗಿ ಚೆಂದ ಕಾಣಲೆಂದು ಯಂತ್ರದ ಬೇಸ್‌ಲೈನ್ ಫಿಲ್ಟರನ್ನು 0.05 ಹರ್ಟ್ಸಿನಿಂದ 0.5ಕ್ಕೆ ಏರಿಸಿಟ್ಟರೆ, ಸಾಧಾರಣ ಫಿಲ್ಟರುಗಳಲ್ಲಿ ಎಸ್‌ಟಿ ಭಾಗವೇ ಮೇಲೆ ಕೆಳಗೆ ಸರಿದುಬಿಡುತ್ತದೆ. ಎಡಗೈ ಬಲಗೈ ತಂತಿ ಅದಲುಬದಲಾದರೆ ಎರಡು ಕೈಗಳ ನಡುವೆ ಅಳೆಯುವ ಗೆರೆ, ಅಂದರೆ ಮೊದಲ ಲೀಡು, ಪೂರಾ ತಲೆಕೆಳಗು. ಎದೆಯ ಎಲೆಕ್ಟ್ರೋಡು ಒಂದು ಪಕ್ಕೆಲುಬಿನ ಸಂದು ಮೇಲೆ ಹೋದರೂ ಚಿತ್ರ ಬದಲಾಗುತ್ತದೆ.

ಇಸಿಜಿ ಓದುವ ಕಂಪ್ಯೂಟರ್ ಮಾದರಿಗಳ ಮೇಲೆ ಈಗ ನನ್ನ ಕೆಲಸ. ನಮ್ಮ ತಂಡದಲ್ಲಿ ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನವರು, ಗಣಿತದಲ್ಲಿ ನನಗಿಂತ ಬಹಳ ಮುಂದೆ. ಮಾದರಿ ಎರಡೇ ಉತ್ತರ ಕೊಡುವಂತೆ ಅವರು ಕಟ್ಟಿದ್ದರು: ಹೃದಯಾಘಾತ, ಇಲ್ಲ. ಮೂರನೆಯದೊಂದು ಇರಲೇಬೇಕೆಂದು ನಾನು ಹಟ ಹಿಡಿದೆ: "ಇದನ್ನು ಓದಲಾಗದು, ಮತ್ತೆ ತೆಗೆಯಿರಿ." ಅಷ್ಟೂ ಸಾಲದು; ಯಾವ ಎಲೆಕ್ಟ್ರೋಡು ಬಿಟ್ಟಿದೆ, ಯಾವ ತಂತಿ ಅದಲುಬದಲಾಗಿದೆ, ಫಿಲ್ಟರ್ ಎಲ್ಲಿಟ್ಟಿದೆ ಎಂಬುದನ್ನು ರೋಗಿ ಇನ್ನೂ ಮಂಚದ ಮೇಲಿರುವಾಗಲೇ ಕನ್ನಡದಲ್ಲಿ ಸಿಸ್ಟರ್‌ಗೆ ಹೇಳಬೇಕು. "ಸರ್, ಹಾಗೆ ಮಾಡಿದರೆ ನಮ್ಮ ನಿಖರತೆಯ ಅಂಕಿ ಲೆಕ್ಕ ಹಾಕೋದೇ ಕಷ್ಟ," ಎಂದು ಹುಡುಗಿಯೊಬ್ಬಳು ಕೇಳಿದಳು. ಅವಳ ಮಾತು ಸರಿ. ಹೊಸ ಲೆಕ್ಕ ಹೇಗಿರಬೇಕೆಂದು ಇಬ್ಬರೂ ಕೂತು ಬರೆಯುತ್ತಿದ್ದೇವೆ: ಮತ್ತೆ ತೆಗೆಸಿದ ಇಸಿಜಿ ನಿಜಕ್ಕೂ ಸುಧಾರಿಸಿತೇ, ಅದಕ್ಕೆ ಹೋದ ನಿಮಿಷಗಳು ಚುಚ್ಚುಮದ್ದನ್ನು ಎಷ್ಟು ತಡಮಾಡಿದವು, ಎದೆನೋವಿನಲ್ಲಿರುವ ಮನುಷ್ಯನನ್ನು ಎಷ್ಟು ಹೊತ್ತು ಕಾಯಿಸಬಹುದು. ಕೊನೆಯ ಪ್ರಶ್ನೆಗೆ ಉತ್ತರ ಹೃದ್ರೋಗ ತಜ್ಞರಿಂದಲೇ ಬರಬೇಕು. ಮುಂದಿನ ವಾರ ಅವರೊಂದಿಗೆ ಕೂರುವುದಿದೆ.